ಐವತ್ತೆಂಟು ಖಾಲಿ ಲಕೋಟೆಗಳು

ನವೆಂಬರ್ ಹನ್ನೆರಡು, ಬುಧವಾರ. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಮತದಾರರ ನೋಂದಣಿ ಅಧಿಕಾರಿ ಠಾಣೆಗೆ ಬಂದರು. ಕಂಕುಳಲ್ಲಿ ದಾರ ಕಟ್ಟಿದ ರಟ್ಟಿನ ಪೆಟ್ಟಿಗೆ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಅದರ ಮೇಲಿನ ಕೈ ತೆಗೆಯದೆ ನಿಂತರು.

“ಇದಕ್ಕೆ ನನಗೆ ರಸೀದಿ ಬೇಕು.”

“ಒಳಗೇನಿದೆ ಅಂತ ಮೊದಲು ಹೇಳಿ,” ಎಂದರು ಇನ್ಸ್‌ಪೆಕ್ಟರ್. ನಲವತ್ತು ದಾಟಿದ ಹೆಂಗಸು. ಈ ಠಾಣೆಗೆ ಬಂದು ಹದಿನಾಲ್ಕು ತಿಂಗಳಾಗಿತ್ತು.

“ಖಾಲಿ ಲಕೋಟೆ. ಐವತ್ತೆಂಟು.”

ರಸೀದಿ ಪುಸ್ತಕಕ್ಕೆ ಕೈ ಹಾಕಿದ್ದ ದಫೇದಾರರು ತಲೆ ಎತ್ತಿದರು. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಜನ ಏನೇನನ್ನೋ ಠಾಣೆಗೆ ಹೊತ್ತು ತಂದಿದ್ದನ್ನು ಅವರು ಕಂಡಿದ್ದರು. ಖಾಲಿ ಲಕೋಟೆ ತಂದವರು ಇವರೇ ಮೊದಲು.

ಅಧಿಕಾರಿ ಕೊನೆಗೂ ಕೂತರು. ನಿದ್ದೆಗೆಟ್ಟ ಮುಖ. ಅವರು ಹೇಳಿದ್ದಿಷ್ಟು: ಮತದಾರರ ಪಟ್ಟಿಯ ಪರಿಷ್ಕರಣೆ ನಡೆಯುತ್ತಿದೆ. ಪಟ್ಟಿಯಲ್ಲಿ ಹೆಸರಿಲ್ಲದವರ ಅರ್ಜಿಗಳನ್ನು ಇಪ್ಪತ್ತೊಂದನೇ ತಾರೀಖು ಶುಕ್ರವಾರ ಸಂಜೆ ಐದರೊಳಗೆ ತೀರ್ಮಾನಿಸಬೇಕು. ಆಮೇಲೆ ಪಟ್ಟಿ ಮುಚ್ಚುತ್ತದೆ. ಅರ್ಜಿಯ ಜೊತೆ ಫೋಟೋ, ಹದಿನೆಂಟು ತುಂಬಿದೆ ಎನ್ನುವುದಕ್ಕೆ ಒಂದು ದಾಖಲೆ, ಕೊಟ್ಟ ವಿಳಾಸದಲ್ಲಿ ಆರು ತಿಂಗಳಿಂದಾದರೂ ವಾಸವಿರುವುದಕ್ಕೆ ಒಂದು ದಾಖಲೆ ಬೇಕು. ಕರೆಂಟ್ ಬಿಲ್ಲು, ಬಾಡಿಗೆ ಕರಾರು, ಪಾಸ್‌ಬುಕ್ಕು, ತೆರಿಗೆ ರಸೀದಿ ಹೀಗೆ ಒಪ್ಪುವ ಕಾಗದಗಳ ಒಂದು ಪಟ್ಟಿಯಿದೆ. ಅದರ ಕಡೆಯ ಸಾಲು, ಅರ್ಜಿದಾರರ ಹೆಸರಿಗೆ ಅದೇ ವಿಳಾಸಕ್ಕೆ ಬಟವಾಡೆಯಾದ ಅಂಚೆ. ಒಳಗೆ ಏನಿತ್ತೆಂದು ಯಾರೂ ಕೇಳುವುದಿಲ್ಲ. ಮೇಲಿನ ವಿಳಾಸ, ಮೊಹರಿನ ತಾರೀಖು ಸರಿಯಿದ್ದರೆ ಸಾಕು.

“ವರ್ಷಕ್ಕೆ ಒಂದೋ ಎರಡೋ ಬರೋದು. ಈ ಸಲ ಹಳೇ ಮಿಲ್ ವಸತಿ ಒಂದರಿಂದಲೇ ಐವತ್ತೆಂಟು. ಎಲ್ಲದರಲ್ಲೂ ಒಂದೇ ಮೊಹರು. ನಮ್ಮ ಗುಮಾಸ್ತೆ ಅಂಚೆ ಕಚೇರಿಗೆ ಫೋನ್ ಮಾಡಿ ಕೇಳಿದಳು. ಆ ಮೊಹರಿನ ಉಪ ಅಂಚೆ ಕಚೇರಿ ಮುಚ್ಚಿ ಏಳು ವರ್ಷ ಆಯ್ತಂತೆ.”

“ಈ ವರ್ಷದ ಮಾರ್ಚಿನಲ್ಲಿ ಮೊಹರು ಒತ್ತಿದೆಯಲ್ಲ,” ಎಂದರು ದಫೇದಾರರು, ಒಂದನ್ನು ಬೆಳಕಿಗೆ ಹಿಡಿದು. “ಸತ್ತ ಮೇಲೂ ಡ್ಯೂಟಿ.”

ಅಧಿಕಾರಿ ನಗಲಿಲ್ಲ. “ಯಾರೋ ಹೊರಗಿನ ಜನರನ್ನ ತಂದು ತುಂಬಿಸ್ತಿದಾರೆ. ಇಲ್ಲದ ಮನೆಗೆ ಇಲ್ಲದ ಮನುಷ್ಯರು. ಪಟ್ಟಿಗೆ ಏನಾದ್ರೂ ಆದ್ರೆ ನನ್ನ ತಲೆದಂಡ.”

ಮಧ್ಯಾಹ್ನ ಒಂದು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ನಕಲಿ ದಾಖಲೆ ಸೃಷ್ಟಿ, ಸರ್ಕಾರಿ ಮೊಹರಿನ ದುರ್ಬಳಕೆ. ಆರೋಪಿಯ ಕಾಲಂನಲ್ಲಿ ‘ಅಪರಿಚಿತ’ ಎಂದು ಬರೆದರು.

ಊಟವಾದ ಮೇಲೆ ಇನ್ಸ್‌ಪೆಕ್ಟರ್ ಫ್ಯಾನ್ ಆರಿಸಿ, ಉದ್ದ ಮೇಜಿನ ಮೇಲೆ ಲಕೋಟೆಗಳನ್ನು ಹರಡಿದರು. ವಿಳಾಸಗಳು ಬೇರೆ ಬೇರೆ ಕೈಬರಹದವು. ಕೆಲವು ಶಾಲೆಯ ಮಕ್ಕಳದ್ದಿರಬೇಕು, ಅಕ್ಷರಕ್ಕೆ ಅಕ್ಷರ ತಾಗದಂತೆ ಬಿಡಿಸಿದ್ದರು. ಮೊಹರಿನ ಶಾಯಿ ಮಾತ್ರ ಎಲ್ಲದರಲ್ಲೂ ಒಂದೇ ಕಪ್ಪು. ಫೆಬ್ರುವರಿಯದೂ ಏಪ್ರಿಲಿನದೂ ಒಂದೇ ದಿನ ಒತ್ತಿದ ಹಾಗಿದ್ದವು. ವರ್ಷದ ಕೊನೆಯ ಅಂಕಿ ಉಳಿದವಕ್ಕಿಂತ ಮೊಂಡಾಗಿತ್ತು, ರಬ್ಬರಿನಲ್ಲಿ ಕೊರೆದದ್ದು.

ಅವರು ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಒಂದೊಂದೇ ತಾರೀಖನ್ನು ತಾಳೆ ನೋಡಿದರು. ಮುಕ್ಕಾಲು ಗಂಟೆ ಹಿಡಿಯಿತು.

“ದಫೇದಾರ್ರೇ, ಐವತ್ತೆಂಟರಲ್ಲಿ ಒಂದೂ ಭಾನುವಾರ ಇಲ್ಲ. ಸರ್ಕಾರಿ ರಜೆಯೂ ಇಲ್ಲ.”

“ಕಳ್ಳನಿಗೂ ವಾರದ ರಜೆ ಬೇಕಲ್ಲ ಮೇಡಂ. ನಮಗೊಂದು ಇಲ್ಲ ಅಷ್ಟೇ.”

“ಬೇರೆ ಯಾರಾದ್ರೂ ಮಾಡಿದ್ರೆ ಎಂಟು ಹತ್ತಾದ್ರೂ ಭಾನುವಾರಕ್ಕೆ ಬಿದ್ದಿರೋದು. ಇವನ ಕೈಗೆ ಭಾನುವಾರ ಮೊಹರು ಒತ್ತಿ ಅಭ್ಯಾಸ ಇಲ್ಲ.”

ದಫೇದಾರರು ತಮಾಷೆ ಬಿಟ್ಟು ಹತ್ತಿರ ಬಂದರು. ಅವರೇ ತೋರಿಸಿದ್ದು ಮುಂದಿನದನ್ನು: ಪ್ರತಿ ಲಕೋಟೆಯ ಎಡಗಡೆಯ ಕೆಳಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಪುಟ್ಟ ಸಂಖ್ಯೆ. 4, 9, 12, 31. ದೊಡ್ಡದೆಂದರೆ 137. ಅದು ಮನೆ ನಂಬರಲ್ಲ. ಅರ್ಜಿಯ ನಂಬರೂ ಅಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅವರಿಬ್ಬರೂ ಮಿಲ್ ವಸತಿಗೆ ಹೋದರು. ಮಿಲ್ ನಿಂತು ಎಷ್ಟೋ ವರ್ಷವಾಗಿತ್ತು. ಮೂರಂತಸ್ತಿನ ಸಾಲು ಕಟ್ಟಡಗಳು ಕೈಯಿಂದ ಕೈಗೆ ದಾಟಿ, ಒಂದು ಮನೆ ಎರಡಾಗಿ, ಎರಡು ನಾಲ್ಕಾಗಿ, ರಟ್ಟಿನ ಗೋಡೆಗಳ ಆಚೀಚೆ ಸಂಸಾರಗಳಿದ್ದವು. ಕರೆಂಟಿನ ಮೀಟರು ಕಟ್ಟಡಕ್ಕೊಂದು. ನಲ್ಲಿ ಸಾಲಿಗೊಂದು. ಮೆಟ್ಟಿಲ ಗೋಡೆ ಜನರ ಭುಜ ತಾಗಿ ತಾಗಿ ಎಣ್ಣೆ ಬಳಿದಂತೆ ಕಪ್ಪಾಗಿತ್ತು.

ಮೊದಲ ವಿಳಾಸದಲ್ಲಿ ಇಲ್ಲದ ಮನುಷ್ಯ ಇದ್ದ. ಹಲ್ಲುಜ್ಜುತ್ತಿದ್ದ. ಎರಡನೆಯದರಲ್ಲೂ ಇದ್ದರು. ಐದನೆಯ ಮನೆಯ ಹೊತ್ತಿಗೆ ದಫೇದಾರರು ಗೊಣಗಿದರು, “ಮೇಡಂ, ಈ ಸುಳ್ಳು ಜನರೆಲ್ಲ ಸೊಗಸಾಗಿ ಸಂಸಾರ ಮಾಡ್ತಿದಾರಲ್ಲ.”

ಸಂಜೆಯೊಳಗೆ ನಲವತ್ತಾರು ಮನೆ ಮುಗಿದವು. ಎಲ್ಲರೂ ಅರ್ಜಿಯಲ್ಲಿದ್ದ ಮುಖದವರೇ, ಅಲ್ಲಲ್ಲೇ ಇದ್ದರು. ಲಕೋಟೆ ಎಲ್ಲಿಂದ ಬಂತು ಎಂದರೆ ಮಾತ್ರ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಬಂತು. ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಒಳಗಿನ ಕಾಗದ? ಒಲೆಗೆ ಹೋಯ್ತು.

ಮೂರನೇ ಸಾಲಿನ ಮೇಲಿನ ಅಂತಸ್ತಿನಲ್ಲಿದ್ದವಳನ್ನು ಅಲ್ಲಿಯ ಜನ ಲಾಂಡ್ರಿ ಅಕ್ಕ ಎನ್ನುತ್ತಿದ್ದರು. ಐವತ್ತೊಂದು ವರ್ಷ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕಂಟ್ರಾಕ್ಟಿನ ಕೆಲಸ. ಕುದಿನೀರಿನ ಬಟ್ಟೆ ಎತ್ತಿ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು. ಒಂದೇ ಕೋಣೆ. ಹಾಸಿಗೆ ಮಡಚಿ ಗೋಡೆಗೆ ಒರಗಿಸಿದರೆ ಕೂರಲು ಜಾಗ.

“ಎಷ್ಟು ವರ್ಷದಿಂದ ಇಲ್ಲಿದ್ದೀರಿ?”

“ಹನ್ನೊಂದು.”

“ಬಾಡಿಗೆ ಕರಾರು?”

“ಓನರ್ ಕೊಡಲ್ಲ. ಕೊಟ್ರೆ ನಾಳೆ ಬಿಡಿಸೋಕೆ ಕಷ್ಟ ಅಂತ.”

“ಕೆಲಸದ ಗುರುತಿನ ಚೀಟಿ?”

“ಅದರಲ್ಲಿ ಕಂಟ್ರಾಕ್ಟರ್ ವಿಳಾಸ ಇದೆ. ಹಿಂದೆ ಎರಡು ಸಲ ಅರ್ಜಿ ಹಾಕಿದೆ. ಎರಡು ಸಲಾನೂ ವಾಸದ ಪುರಾವೆ ಇಲ್ಲ ಅಂತ ವಾಪಸ್. ನಾನೇ ಎದುರಿಗೆ ನಿಂತು ಹೇಳಿದ್ರೆ ನಂಬಲ್ಲ. ಕರೆಂಟ್ ಬಿಲ್ ಹೇಳಿದ್ರೆ ನಂಬ್ತಾರೆ.”

“ವೋಟಿನಿಂದ ನಿಮಗೇನಾಗಬೇಕು?”

ಅವಳು ಇನ್ಸ್‌ಪೆಕ್ಟರ್ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಕೇಳಿದ್ದು ನಿಜವಾಗಿ ತಿಳಿಯಲಿಕ್ಕೋ ಸಿಕ್ಕಿಸಲಿಕ್ಕೋ ಎಂದು ಅಳೆಯುವಂತೆ.

“ನಲ್ಲಿಲಿ ದಿನ ಬಿಟ್ಟು ದಿನ ನೀರು. ನಾವು ಹತ್ತು ಹೆಂಗಸರು ವಾರ್ಡ್ ಮೆಂಬರ್ ಆಫೀಸಿಗೆ ಹೋದ್ವಿ. ಅಲ್ಲಿ ಒಬ್ಬ ಮತದಾರರ ಪಟ್ಟಿ ಇಟ್ಕೊಂಡು ಕೂತಿರ್ತಾನೆ. ಹೆಸರು ಕೇಳ್ದ, ಹುಡುಕ್ದ, ಪಟ್ಟಿ ಮುಚ್ಚಿದ. ನೀವು ಈ ಊರಲ್ಲೇ ಇಲ್ವಲ್ಲಮ್ಮ ಅಂದ.” ಹಾಸಿಗೆಯ ಅಂಚನ್ನು ಕೈಯಿಂದ ಸರಿಮಾಡಿದಳು. “ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅಂತಾರಲ್ಲ. ನಾವು ನೀರಿಗೆ ಬಂದ್ರೂ ಊರಿಗೆ ಬಂದಿದೀವಿ ಅಂತ ಯಾರೂ ಒಪ್ಪಲ್ಲ.”

“ಲಕೋಟೆ ಯಾರು ಕೊಟ್ಟರು?”

“ಅಂಚೇಲಿ ಬಂತು.”

“ಯಾರು ಬರೆದಿದ್ದರು?”

“ನೆಂಟರು.”

“ಯಾವ ನೆಂಟರು?”

“ನೆಂಟರು ಇದ್ದಿದ್ರೆ ಇಷ್ಟು ವರ್ಷ ಯಾಕೆ ಬರೀಲಿಲ್ಲ ಅಂತ ಕೇಳ್ತೀರಾ,” ಎಂದವಳು ಹೇಳಿಕೆಗೆ ಸಹಿ ಮಾಡಲು ಪೆನ್ನಿಗೆ ಕೈ ಚಾಚಿದಳು. ಆಮೇಲೆ, ಮೆಟ್ಟಿಲವರೆಗೆ ಬಂದು, “ನನ್ನ ಅರ್ಜಿ ಹೋಯ್ತಾ ಮೇಡಂ?” ಎಂದು ಕೇಳಿದಳು. ಇನ್ಸ್‌ಪೆಕ್ಟರಿಗೆ ಅದು ಗೊತ್ತಿರಲಿಲ್ಲ.

ಕೆಳಗೆ ಮೂಲೆಯ ದರ್ಜಿ ತಾನಾಗಿಯೇ ಕರೆದ. ಅವನ ಕೋಪ ಬೇರೆ ಬಗೆಯದು.

“ಎಲ್ಲರಿಗೂ ಕೊಟ್ರು, ನನಗೆ ಮಾತ್ರ ಇಲ್ಲ. ನೀನು ಬಂದಿದ್ದು ನನ್ನ ಕಾಲದಲ್ಲಲ್ಲ, ನಿನ್ನ ಮನೆಗೆ ನಾನು ಕಾಗದ ಹಾಕಿಲ್ಲ ಅಂದ್ರು.”

“ಯಾರು ಅಂದರು?”

ಸುತ್ತಲಿನ ಬಾಗಿಲುಗಳಲ್ಲಿ ನಿಂತವರ ಮುಖ ನೋಡಿ ದರ್ಜಿ ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡ. ಬಾಯಲ್ಲಿ ಸೂಜಿ ಇದ್ದವನನ್ನು ಮಾತಾಡಿಸುವುದು ಹೇಗೆ.

“ನೀವು ಬಂದು ಎಷ್ಟು ವರ್ಷ?”

ದರ್ಜಿ ಐದು ಬೆರಳು ತೋರಿಸಿದ.

ಠಾಣೆಗೆ ಮರಳಿದ ಮೇಲೆ ದಫೇದಾರರು ಹೇಳಿಕೆಗಳನ್ನೆಲ್ಲ ತಿರುವಿ ನೋಡಿದರು. ಐದು, ಆರು ವರ್ಷದ ಹಿಂದೆ ಬಂದವರು ಒಬ್ಬರೂ ಇರಲಿಲ್ಲ. ಎಲ್ಲರೂ ಏಳು ವರ್ಷದಿಂದ ಅಥವಾ ಅದಕ್ಕೂ ಮುಂಚಿನಿಂದ ಇದ್ದವರು. ಅಂಚೆ ಕಚೇರಿ ಮುಚ್ಚಿದ್ದೂ ಏಳು ವರ್ಷದ ಹಿಂದೆ.

ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ ಏಳೂವರೆ. ಪ್ರಧಾನ ಅಂಚೆ ಕಚೇರಿಯ ಹಿಂಭಾಗದಲ್ಲಿ ಪೋಸ್ಟ್‌ಮನ್‌ಗಳು ಕಾಗದ ವಿಂಗಡಿಸುತ್ತಿದ್ದರು. ಪೋಸ್ಟ್ ಮಾಸ್ಟರ್ ಲಕೋಟೆಗಳನ್ನು ನೋಡಿ, ಮಿಲ್ ವಸತಿಗೆ ಈಗ ಹೋಗುವವನನ್ನು ಕರೆದರು. ಅವನು ಪೆನ್ಸಿಲ್ ಗುರುತಿನ ಮೇಲೆ ಹೆಬ್ಬೆರಳಿಟ್ಟ.

“ಇದು ನಡಿಗೆ ನಂಬರು ಮೇಡಂ. ಹೊರಡೋಕೆ ಮುಂಚೆ ಕಾಗದಗಳನ್ನ ನಡೆಯೋ ಕ್ರಮಕ್ಕೆ ಜೋಡಿಸ್ಕೋತೀವಿ. ಮೊದಲ ಮನೆ ಒಂದು, ಆಮೇಲಿಂದು ಎರಡು. ಮನೆಗೆ ಕಾಗದ ಇರ್ಲಿ ಇಲ್ದಿರ್ಲಿ, ನಂಬರು ಅದೇ. ಈಗ ಎಲ್ಲಾ ಮಿಷಿನ್ನು. ಹಳಬರು ಮಾತ್ರ ಪೆನ್ಸಿಲಲ್ಲಿ ಬರೀತಿದ್ರು.”

“ಇದು ನಿಮ್ಮ ಕ್ರಮವಾ?”

“ಅಲ್ಲ. ನಾನು ಕೆಳಗಿನ ಸಾಲಿಂದ ಶುರು ಮಾಡ್ತೀನಿ. ಪ್ರತಿಯೊಬ್ಬರದ್ದೂ ಬೇರೆ. ಸಹಿ ಇದ್ದ ಹಾಗೆ.”

ಹಳೇ ಮೊಹರಿನ ಬಗ್ಗೆ ಪೋಸ್ಟ್ ಮಾಸ್ಟರ್ ಹೇಳಿದರು: ಉಪ ಕಚೇರಿ ಮುಚ್ಚಿದ ದಿನ ಅದನ್ನು ಒಡೆದು ನಾಶ ಮಾಡಿದ್ದಾಗಿ ರಿಜಿಸ್ಟರಿನಲ್ಲಿದೆ. ರಿಜಿಸ್ಟರು ವಿಭಾಗದ ಉಗ್ರಾಣದಲ್ಲಿದೆ. ತರಿಸಲು ನಾಲ್ಕೈದು ದಿನ ಬೇಕು. ಇನ್ಸ್‌ಪೆಕ್ಟರ್ ಅಲ್ಲೇ ಕೂತು ಕೋರಿಕೆ ಪತ್ರ ಬರೆದರು.

ಅದೇ ದಿನ ಮಧ್ಯಾಹ್ನ ಇನ್ನೊಂದು ಪತ್ರವನ್ನೂ ಬರೆದರು, ನೋಂದಣಿ ಅಧಿಕಾರಿಗೆ. ಉಳಿದ ಹನ್ನೆರಡು ಮನೆಗಳನ್ನೂ ನೋಡಿಯಾಗಿತ್ತು. ಐವತ್ತೆಂಟು ಅರ್ಜಿದಾರರೂ ಹೇಳಿದ ವಿಳಾಸದಲ್ಲೇ ವಾಸವಿರುವುದು ತನಿಖೆಯಲ್ಲಿ ಕಂಡುಬಂದಿದೆ ಎಂಬ ಒಂದೇ ಸಾಲು. ಅಧಿಕಾರಿ ಫೋನ್ ಮಾಡಿದರು.

“ಮೇಡಂ, ಪೊಲೀಸ್ ಹೇಳಿಕೆ ಒಪ್ಪುವ ದಾಖಲೆಗಳ ಪಟ್ಟಿಯಲ್ಲಿಲ್ಲ.”

“ಪಟ್ಟಿಯಲ್ಲಿ ಇಲ್ಲದವರಿಗೆ ಏನು ದಾರಿ?”

“ಸ್ಥಳ ಪರಿಶೀಲನೆ. ನಮ್ಮ ಗಣತಿದಾರರು ಮನೆಗೆ ಹೋಗಿ, ಆ ಮನುಷ್ಯನನ್ನ ಅಲ್ಲೇ ಕಂಡು ಸಹಿ ತಗೋಬೇಕು. ನನಗಿರೋದು ಇಬ್ಬರು ಗಣತಿದಾರರು. ಹತ್ತೊಂಬತ್ತು, ಇಪ್ಪತ್ತು ಎರಡು ದಿನ ಕಳಿಸ್ತೀನಿ. ಅಷ್ಟೇ ನನ್ನ ಕೈಲಾಗೋದು.”

ಶನಿವಾರ ಇನ್ಸ್‌ಪೆಕ್ಟರ್ ಮತ್ತು ದಫೇದಾರರು ಮಿಲ್ ವಸತಿಯಲ್ಲಿ ನಡೆದರು. ಐವತ್ತೆಂಟು ವಿಳಾಸಗಳನ್ನು ಪೆನ್ಸಿಲ್ ಸಂಖ್ಯೆಯ ಕ್ರಮದಲ್ಲಿ ಬರೆದುಕೊಂಡು, 4ರಿಂದ ಆರಂಭಿಸಿದರು. ಮೊದಮೊದಲು ಅದು ಯಾರಾದರೂ ನಡೆಯಬಹುದಾದ ದಾರಿ. 38ರಲ್ಲಿ ಮೂರನೇ ಅಂತಸ್ತಿಗೆ ಹತ್ತಿ, ಕೆಳಗಿನ ಮನೆಗಳನ್ನು ಬಿಟ್ಟು ಮುಂದಿನ ಕಟ್ಟಡಕ್ಕೆ ಹೋಗಿ, 52ರಲ್ಲಿ ಮತ್ತೆ ಅದೇ ಕಟ್ಟಡದ ಕೆಳಮನೆಗಳಿಗೆ ಮರಳುತ್ತಿತ್ತು.

“ಇವನಿಗೇನು ತಲೆ ಸರಿ ಇಲ್ವಾ?” ದಫೇದಾರರು ಮಂಡಿ ನೀವಿಕೊಂಡರು. “ಸಾಮಾನ್ಯವಾಗಿ ಕಳ್ಳ ಓಡ್ತಾನೆ, ನಾವು ಅಟ್ಟಿಸ್ಕೊಂಡು ಹೋಗ್ತೀವಿ. ಇಲ್ಲಿ ಅವನು ಮನೇಲಿ ಕೂತಿದಾನೆ, ಮೆಟ್ಟಿಲು ಹತ್ತೋರು ನಾವು.”

ಮೆಟ್ಟಿಲಲ್ಲಿ ಕೂತಿದ್ದ ಒಬ್ಬ ಅಜ್ಜಿ ವಿವರಿಸಿದಳು: ಮೇಲಿನವರೆಲ್ಲ ಮಿಲ್ಲಿನ ಹಗಲು ಪಾಳಿಯವರು. ಒಂಬತ್ತಕ್ಕೆ ಹೋಗಿಬಿಡುತ್ತಿದ್ದರು. ಮೊದಲು ಅವರನ್ನು ಹಿಡಿಯಬೇಕಿತ್ತು. ಮಿಲ್ ನಿಂತಿತ್ತು, ಕ್ರಮ ಉಳಿದಿತ್ತು.

61ರ ನಂತರ 64. 61 ಎರಡನೇ ಸಾಲಿನ ಕೊನೆಯ ಮನೆ. 64 ಅದರ ಬೆನ್ನಿಗೇ ಇದ್ದ ಓಣಿಯದು. ನಡುವೆ ಯಾವುದೋ ಗೋದಾಮಿನ ಎತ್ತರದ ಇಟ್ಟಿಗೆ ಗೋಡೆ. ಸುತ್ತಿ ಬರಲು ಅವರಿಗೆ ಹನ್ನೆರಡು ನಿಮಿಷ ಹಿಡಿಯಿತು.

“ಈ ಗೋಡೆ ಯಾವಾಗ ಕಟ್ಟಿದ್ದು?” ಇನ್ಸ್‌ಪೆಕ್ಟರ್ ಓಣಿಯವನೊಬ್ಬನನ್ನು ಕೇಳಿದರು.

“ಐದು ವರ್ಷ ಆಗಿರಬೇಕು. ಮುಂಚೆ ಇಲ್ಲಿ ಸಂದಿ ಇತ್ತು. ಒಬ್ಬ ಮನುಷ್ಯ ಅಡ್ಡಡ್ಡ ತೂರಬಹುದಿತ್ತು.”

“ಯಾರು ತೂರುತ್ತಿದ್ದರು?”

“ಮಕ್ಕಳು, ನಾಯಿ,” ಎಂದವನು ನಗುತ್ತಲೇ ನಿಲ್ಲಿಸಿದ. “ಗೊತ್ತಿಲ್ಲ ಮೇಡಂ.” ಪೆನ್ಸಿಲಿನ ಕ್ರಮ ಈ ಗೋಡೆ ಏಳುವುದಕ್ಕೂ ಮುಂಚಿನದು.

ರಿಜಿಸ್ಟರು ಇಪ್ಪತ್ತನೇ ತಾರೀಖು ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಂತು. ಮೊಹರು ನಾಶಕ್ಕೆ ಮೂರು ಸಹಿಗಳಿದ್ದವು. ಉಪ ಕಚೇರಿಯ ಮಾಸ್ಟರು ತೀರಿಹೋಗಿದ್ದರು. ಇಬ್ಬರು ಪೋಸ್ಟ್‌ಮನ್‌ಗಳಲ್ಲಿ ಒಬ್ಬರ ನಡಿಗೆ ಕಾಲುವೆಯ ಆಚೆ. ಇನ್ನೊಬ್ಬರದ್ದು ಮೂವತ್ತೊಂದು ವರ್ಷ ಮಿಲ್ ವಸತಿ. ಕಚೇರಿ ಮುಚ್ಚಿದ ದಿನವೇ ನಿವೃತ್ತಿ. ಈಗಿನ ವಿಳಾಸವೂ ಅದೇ ವಸತಿ. ಸೇವಾ ಕಡತದಲ್ಲಿ ಫೋಟೋ ಇತ್ತು: ಅಗಲ ಕಿವಿಗಳ, ಮುಗುಳ್ನಗಲು ಯಾರೂ ಹೇಳದ ಮುಖ.

ಹೆಸರು ಸಿಕ್ಕರೆ ಸಾಲದು. ಗುರುತಿಸುವ ಒಬ್ಬ ಸಾಕ್ಷಿ ಬೇಕಿತ್ತು. ಐವತ್ತೆಂಟು ಜನರನ್ನೂ ಆರೋಪಿಗಳೆಂದು ಸೇರಿಸಬಹುದೆಂದು ದಫೇದಾರರು ನೆನಪಿಸಿದರು. ಸುಳ್ಳು ದಾಖಲೆ ಕೊಟ್ಟವರೂ ತಪ್ಪಿತಸ್ಥರೇ. ಇನ್ಸ್‌ಪೆಕ್ಟರ್ ಬೇಡವೆಂದರು. ಅಂದು ವಾರದ ರಜೆಯಲ್ಲಿದ್ದವಳು ಲಾಂಡ್ರಿ ಅಕ್ಕ. ಜೀಪು ಕಳಿಸಿ ಅವಳನ್ನು ಕರೆಸಿದರು. ಹನ್ನೊಂದು ಇಪ್ಪತ್ತಕ್ಕೆ ಅವಳು ಫೋಟೋ ನೋಡಿದಳು.

“ಇವರು ಗೊತ್ತಾ?”

“ಟಪಾಲಣ್ಣ. ಎಲ್ಲರಿಗೂ ಗೊತ್ತು.”

“ಲಕೋಟೆ ಇವರೇ ತಂದರಾ?”

“ಟಪಾಲು ಅವರಲ್ಲದೆ ಇನ್ಯಾರು ತರ್ತಾರೆ?”

“ಅವರು ರಿಟೈರ್ ಆಗಿ ಏಳು ವರ್ಷ ಆಯ್ತು.”

“ಹಾಗಾದ್ರೆ ತಡವಾಗಿ ತಂದ್ರು.”

ದಫೇದಾರರು ಕೆಮ್ಮಿದರು. ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು.

“ನಮಗೆ ಗೊತ್ತಾಗಿದೆ ಅಕ್ಕ. ನೀವು ಹೇಳಿದ್ರೂ ಹೇಳದಿದ್ರೂ ನಾಳೆ ಅವರ ಮನೆಗೆ ಹೋಗ್ತೀವಿ. ದುಡ್ಡೇನಾದ್ರೂ ಕೇಳಿದ್ರಾ?”

“ಛೆ.” ಅವಳಿಗೆ ಆ ಪ್ರಶ್ನೆಯಿಂದ ನೋವಾಯಿತು. ಮೇಜಿನ ಅಂಚನ್ನು ನೋಡುತ್ತ ಮೆಲ್ಲಗೆ ಹೇಳಿದಳು. “ಒಂದಿನ ಬಂದ್ರು. ನೀನು ಇಲ್ಲಿರೋದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ ಅಂದ್ರು. ಲಕೋಟೆ ಮೇಲೆ ನನ್ನ ಕೈಲೇ ವಿಳಾಸ ಬರೆಸಿದ್ರು.” ತಲೆ ಎತ್ತಿದಳು. “ಇಷ್ಟು ಹೇಳಿದ್ದಕ್ಕೆ ಅವರು ಒಳಗೆ ಹೋಗ್ತಾರೆ. ನನ್ನ ಅರ್ಜಿನಾದ್ರೂ ಉಳಿಯುತ್ತಾ?”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಗಣತಿಯವರು ಮನೆಗೇ ಬಂದು ನೋಡ್ತಾರೆ.”

“ಯಾವತ್ತು?”

“ನಿನ್ನೆಯಿಂದ ಬರ್ತಿದಾರೆ. ನಿಮ್ಮಲ್ಲಿಗೆ ಬರಲಿಲ್ವಾ?”

ಅವಳು ಎದ್ದು ನಿಂತಳು. ಹೇಳಿಕೆ ಇನ್ನೂ ಟೈಪಾಗಬೇಕಿತ್ತು. ಮಧ್ಯೆ ಕರೆಂಟು ಕೈಕೊಟ್ಟಿತು. ಅವಳು ಬಾಗಿಲ ಬಳಿಯೇ ನಿಂತಿದ್ದಳು, ಕೂರಲಿಲ್ಲ. ಸಹಿ ಹಾಕಿ ಹೊರಟಾಗ ಹನ್ನೆರಡು ಮೂವತ್ತೈದು. ಇನ್ಸ್‌ಪೆಕ್ಟರ್ ಜೀಪಿನಲ್ಲೇ ಬಿಡಲು ಹೇಳಿದರು.

ಮರುದಿನ, ಶುಕ್ರವಾರ, ಮಧ್ಯಾಹ್ನ ಮೂರಕ್ಕೆ ಪರಿಶೀಲನೆಯ ವರದಿ ನೋಡಲು ಅವರು ಖುದ್ದಾಗಿ ನೋಂದಣಿ ಕಚೇರಿಗೆ ಹೋದರು. ಐವತ್ತೆಂಟರಲ್ಲಿ ಮೂವತ್ತೇಳು ಒಪ್ಪಿತವಾಗಿದ್ದವು. ಇಪ್ಪತ್ತೊಂದರ ಮುಂದೆ ‘ಬೀಗ ಹಾಕಿತ್ತು, ವಾಸ ಕಂಡುಬಂದಿಲ್ಲ’ ಎಂದಿತ್ತು. ಹಗಲು ಹೊತ್ತು ಕೆಲಸಕ್ಕೆ ಹೋಗುವವರ ಮನೆಗಳು. ಲಾಂಡ್ರಿ ಅಕ್ಕನ ಹೆಸರಿನ ಮುಂದೆಯೂ ಅದೇ. ಇಪ್ಪತ್ತನೇ ತಾರೀಖು, ಹನ್ನೆರಡು ಗಂಟೆ ಐದು ನಿಮಿಷ.

ಇನ್ಸ್‌ಪೆಕ್ಟರ್ ಆ ಸಾಲನ್ನು ಎರಡು ಸಲ ಓದಿದರು.

“ಆ ಹೊತ್ತಿಗೆ ಅವರು ನನ್ನೆದುರು ಠಾಣೆಯಲ್ಲಿ ಇದ್ದರು. ನಾನೇ ಕರೆಸಿದ್ದು. ಅದಕ್ಕೇ ಬೀಗ ಇತ್ತು. ಹೇಳಿಕೆಯಲ್ಲಿ ಸಮಯ ಇದೆ, ನೋಡಿ.”

ಅಧಿಕಾರಿ ಓದಿದರು. ಅವರ ದನಿ ಗಟ್ಟಿಯಾಗಲಿಲ್ಲ. “ಇದು ಅವರು ಮನೇಲಿ ಇರಲಿಲ್ಲ ಅನ್ನೋದಕ್ಕೆ ಪುರಾವೆ ಮೇಡಂ. ಇದ್ದರು ಅನ್ನೋದಕ್ಕೆ ಅಲ್ಲ.”

“ಇನ್ನೊಂದು ಸಲ ಕಳಿಸಿ. ಜೀಪು ಹೊರಗೇ ಇದೆ.”

“ಒಬ್ಬರಿಗೆ ಕಳಿಸಿದ್ರೆ ಇಪ್ಪತ್ತೊಂದು ಜನರಿಗೂ ಕಳಿಸಬೇಕು. ಗಣತಿದಾರರಿಬ್ಬರೂ ಪಟ್ಟಿ ಕಂಪ್ಯೂಟರಿಗೆ ಹಾಕ್ತಿದಾರೆ. ನೋಡಿ.” ಗಾಜಿನ ಆಚೆ ಇಬ್ಬರು ತಲೆ ತಗ್ಗಿಸಿ ಕೂತಿದ್ದರು. ಒಬ್ಬನ ಕಾಲಿಗೆ ಬ್ಯಾಂಡೇಜು ಸುತ್ತಿತ್ತು. “ಮುಂದಿನ ವರ್ಷ ಅರ್ಜಿ ಹಾಕಲಿ. ಇದು ತಿರಸ್ಕಾರ ಅಂತ ಅಲ್ಲ.”

ಐದು ಗಂಟೆಗೆ ಪಟ್ಟಿ ಮುಚ್ಚಿತು.

ಐದು ಇಪ್ಪತ್ತೈದಕ್ಕೆ ಅವರು ಮಿಲ್ ವಸತಿಯ ಕೊನೆಯ ಸಾಲಿನ ಕೆಳಮನೆಯ ಬಾಗಿಲು ತಟ್ಟಿದರು. ಪಂಚರಾಗಿ ದರ್ಜಿ ಮತ್ತು ಪಕ್ಕದ ಮನೆಯ ಗಾರೆ ಮೇಸ್ತ್ರಿ. ಬಾಗಿಲು ತೆರೆದೇ ಇತ್ತು. ಟಪಾಲಣ್ಣ ಒಗೆದ ಅಂಗಿ ತೊಟ್ಟು ಬಾಗಿಲಿಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಿದ್ದರು. ಅರವತ್ತೇಳು ವರ್ಷ. ಫೋಟೋದ ಕಿವಿಗಳೇ.

“ಐದು ಗಂಟೆ ಆಯ್ತಾ?” ಎಂದು ಕೇಳಿದರು.

“ಆಯ್ತು.”

“ಎಷ್ಟು ಜನ ಸೇರಿದ್ರು?”

ಇನ್ಸ್‌ಪೆಕ್ಟರ್ ಹೇಳಬೇಕಾಗಿರಲಿಲ್ಲ. ಹೇಳಿದರು. “ಮೂವತ್ತೇಳು.”

ಟಪಾಲಣ್ಣ ಬೆರಳು ಮಡಚುತ್ತ ಏನನ್ನೋ ಲೆಕ್ಕ ಹಾಕಿದರು. ಯಾರು ಹಗಲು ಮನೆಯಲ್ಲಿರುತ್ತಾರೆ, ಯಾರು ಇರುವುದಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. “ಲಾಂಡ್ರಿಯವಳು?”

“ಇಲ್ಲ.”

“ನಿನ್ನೆ ಅವಳಿಗೆ ರಜೆ ಇತ್ತಲ್ಲ.”

ಮೇಸ್ತ್ರಿ ನೆಲ ನೋಡುತ್ತಿದ್ದ.

ಪಂಚನಾಮೆ ಬರೆದರು. ಕಬ್ಬಿಣದ ಪೆಟ್ಟಿಗೆಯಲ್ಲಿ, ಖಾಕಿ ಅಂಗಿಯ ಕೆಳಗೆ, ಹಿತ್ತಾಳೆಯ ತಾರೀಖು ಮೊಹರು ಒಂದು. ಶಾಯಿ ಪ್ಯಾಡು ಒಂದು. ಅಂಕಿ ಕೊರೆದ ರಬ್ಬರಿನ ತುಂಡು ಮೂರು. ಪೆನ್ಸಿಲ್ ಎರಡು. ಬಳಸದ ಲಕೋಟೆ ಹದಿನಾಲ್ಕು. ನಾಶದ ದಿನ ಸುತ್ತಿಗೆ ಬಿದ್ದದ್ದು ಯಾವುದೋ ಹಳೇ ತೂಕದ ಕಲ್ಲಿನ ಮೇಲೆ ಎಂದು ಅವರೇ ಹೇಳಿದರು. ಯಾವುದನ್ನೂ ಅಲ್ಲಗಳೆಯಲಿಲ್ಲ.

“ಯಾಕಣ್ಣ ಇಟ್ಟುಕೊಂಡ್ರಿ?” ಎಂದರು ದಫೇದಾರರು. “ರಿಟೈರಾದವರು ಗಡಿಯಾರ ಮನೆಗೆ ತರ್ತಾರೆ.”

“ಕೊಟ್ಟಿದ್ರು. ನಿಂತೋಯ್ತು.” ಅವರು ಇನ್ಸ್‌ಪೆಕ್ಟರ್ ಕಡೆ ತಿರುಗಿದರು. “ಆ ಲಕೋಟೆಗಳಲ್ಲಿ ಸುಳ್ಳು ಯಾವುದಿದೆ ಮೇಡಂ? ಹೆಸರು ಸುಳ್ಳಾ? ಮನೆ ಸುಳ್ಳಾ?”

“ತಾರೀಖು.”

“ಹೌದು,” ಎಂದು ಒಪ್ಪಿಕೊಂಡರು. “ತಾರೀಖು ಸುಳ್ಳು. ಅವರು ಆರು ತಿಂಗಳ ಹಿಂದಿನ ಅಂಚೆ ಕೇಳ್ತಾರೆ. ನಿನ್ನೆ ಹಾಕಿದ ಕಾಗದಕ್ಕೆ ಆರು ತಿಂಗಳು ಹೇಗೆ ತರಲಿ?”

“ಇವರಿಗೋಸ್ಕರ ಯಾಕೆ ಇಷ್ಟು ಮಾಡಿದ್ರಿ?”

ಟಪಾಲಣ್ಣ ಬಿಡಿಬಿಡಿಯಾಗಿ ಹೇಳಿದ್ದು ಇಷ್ಟು. ಅವರ ಹೆಂಡತಿಯ ಹೆಸರು ಪಟ್ಟಿಯಲ್ಲಿರಲಿಲ್ಲ. ಮನೆ ಪತ್ರ ಇವರ ತಾಯಿಯ ಹೆಸರಿನದು, ತೆರಿಗೆ ರಸೀದಿ ಇವರ ಹೆಸರಿನದು. ಇವರ ಹೆಂಡತಿ ಎನ್ನುವುದಕ್ಕೆ ಏನಿದೆ ಎಂದು ಕಚೇರಿಯಲ್ಲಿ ಕೇಳಿದರು. ಮದುವೆಯ ಕಾಗದ ಇರಲಿಲ್ಲ. ಆ ಕಾಲದಲ್ಲಿ ಯಾರಿಗೆ ಇತ್ತು. ನಿಮ್ಮ ಹೆಸರಿಗೆ ಬಂದ ಒಂದು ಅಂಚೆಯಾದರೂ ತನ್ನಿ ಎಂದರು. ಹಳೆಯದೇ ಆಗಬೇಕೆಂಬ ನಿಯಮ ಆಗ ಇನ್ನೂ ಇರಲಿಲ್ಲ. ಅವಳು ಮನೆಗೆ ಬಂದು, ಒಂದು ಲಕೋಟೆಗೆ ಮೊಹರು ಒತ್ತಿ ಕೊಡಿ ಎಂದು ಇವರನ್ನು ಕೇಳಿದಳು. ಸುಳ್ಳು ಮೊಹರು ಒತ್ತುವುದಿಲ್ಲ, ಯಾರಾದರೂ ಬರೆದರೆ ನಾನೇ ತಂದುಕೊಡುತ್ತೇನೆ ಎಂದರು ಇವರು. ಮೂವತ್ತೊಂದು ವರ್ಷದಲ್ಲಿ ಒಂದು ಕಪ್ಪು ಗುರುತಿಲ್ಲದ ನೌಕರಿ. ಅವಳ ತವರಿನಲ್ಲಿ ಅಕ್ಷರ ಬಲ್ಲವರು ಯಾರೂ ಉಳಿದಿರಲಿಲ್ಲ.

“ನಮ್ಮ ಮನೆ ನನ್ನ ನಡಿಗೇಲೇ ಇತ್ತು. ದಿನಾ ಬಾಗಿಲಲ್ಲಿ ನಿಂತಿರೋಳು. ಇವತ್ತು ನಂದೇನಾದ್ರೂ ಇದೆಯಾ ಅಂತ ಕೇಳೋಳು, ತಮಾಷೆಗೆ. ಇಲ್ಲ ಅಂತ ಮುಂದೆ ಹೋಗ್ತಿದ್ದೆ. ಎರಡು ಚುನಾವಣೆ ಹೋಯ್ತು. ಆಮೇಲೆ ಅವಳೂ ಹೋದ್ಲು.”

ಇನ್ಸ್‌ಪೆಕ್ಟರ್ ಕೇಳಬಾರದೆಂದುಕೊಂಡೇ ಕೇಳಿದರು. “ನೀವೇ ಒಂದು ಕಾಗದ ಬರೆದು, ಸ್ಟಾಂಪು ಅಂಟಿಸಿ, ಬೇರೆ ಡಬ್ಬಿಗೆ ಹಾಕಿದ್ರೆ ಆಗ್ತಿತ್ತಲ್ಲ? ಅದರಲ್ಲಿ ಸುಳ್ಳೇನೂ ಇರ್ತಿರಲಿಲ್ಲ.”

“ಅವಳನ್ನ ಕಳಿಸಿಕೊಟ್ಟ ಮೇಲೆ ಹೊಳೀತು.” ಅವರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. “ಒಂದೇ ಮನೇಲಿದ್ವಿ ಮೇಡಂ. ಬೆಳಿಗ್ಗೆ ಸಂಜೆ ಮುಖ ನೋಡ್ತಿದ್ವಿ. ಹೆಂಡತಿಗೆ ಕಾಗದ ಬರೀಬೇಕು ಅಂತ ಯಾರಿಗೆ ಹೊಳೆಯುತ್ತೆ?”

ಸಂಜೆ ಆರು ಹತ್ತಕ್ಕೆ ಬಂಧನವಾಯಿತು. ಮೆಟ್ಟಿಲುಗಳಲ್ಲಿ ಜನ ನಿಂತಿದ್ದರು. ಅವರು ಜೀಪಿನವರೆಗೆ ತಾವೇ ನಡೆದರು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕೇಸ್ ಡೈರಿ ಬರೆಯಲು ಕೂತರು. ‘ಕೃತ್ಯದ ಉದ್ದೇಶ’ ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ಸಾಮಾನ್ಯವಾಗಿ ಅಲ್ಲಿ ಹಣ ಎಂದೋ ದ್ವೇಷ ಎಂದೋ ಬರೆಯುವುದು ವಾಡಿಕೆ. ಅವರು ಬರೆದರು: ಆರೋಪಿಯ ಹೆಂಡತಿಯ ಹೆಸರಿಗೆ ಯಾವತ್ತೂ ಯಾರಿಂದಲೂ ಕಾಗದ ಬಂದಿರಲಿಲ್ಲ.